ಅಪ್‌ಡೇಟ್: ಪರ್ಲ್ ಫೈಲ್ ಓದುತ್ತಿತ್ತು, ಮೊತ್ತ ಮಾತ್ರ ಸೊನ್ನೆ

ಹೋದ ವಾರ ಕೇಳಿದ್ದೆನಲ್ಲ, ದಾವಣಗೆರೆ ಎಪಿಎಂಸಿಯಲ್ಲಿ ಮಾವನ ಮಂಡಿಯ ಮೆಕ್ಕೆಜೋಳದ ಚೀಲಗಳನ್ನು ಊರುವಾರು ಕೂಡಿಸುವ ಸ್ಕ್ರಿಪ್ಟ್ (ಪರ್ಲ್ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಂ) ಎಲ್ಲದಕ್ಕೂ ಸೊನ್ನೆ ತೋರಿಸುತ್ತಿದೆ ಅಂತ. ಸರಿಹೋಯಿತು!

ಫೈಲ್ ತೆರೆಯುವ ಓಪನ್ ಪಕ್ಕ 'ಆರ್ ಡೈ' (or die, ಅಂದರೆ ತೆರೆಯದಿದ್ದರೆ ಎರರ್ ಕೊಟ್ಟು ನಿಲ್ಲು) ಹಾಕಿ ಅಂದಿರಿ. ಹಾಕಿದೆ, ಎರರ್ ಬರಲಿಲ್ಲ. ಫೈಲ್ ಸರಿಯಾಗಿಯೇ ತೆರೆಯುತ್ತಿತ್ತು. ಸಾಲಿನ ಕೊನೆಯ ಹೊಸಸಾಲಿನ ಗುರುತನ್ನು ತೆಗೆಯುವ ಚೋಂಪ್ (chomp) ಮೊದಲೇ ಇತ್ತು. ಯುಟಿಎಫ್-8 (ಅಕ್ಷರಗಳನ್ನು ಫೈಲಲ್ಲಿ ಬರೆದಿಡುವ ಒಂದು ಕ್ರಮ) ಸಲಹೆಯಿಂದಲೂ ಏನೂ ಬದಲಾಗಲಿಲ್ಲ.

ಕೊನೆಗೆ ಕಳ್ಳ ಸಿಕ್ಕಿದ್ದು 'ಓಡಿ (od) ಕಮಾಂಡಲ್ಲಿ ಫೈಲ್ ನೋಡಿ' ಅಂದವರಿಂದ; ಅದು ಫೈಲಿನ ಕಾಣದ ಅಕ್ಷರಗಳನ್ನೂ ತೋರಿಸುತ್ತದೆ. ಪ್ರತಿ ಸಾಲಿನ ಕೊನೆಗೂ ಬ್ಯಾಕ್‌ಸ್ಲ್ಯಾಶ್ ಎನ್ (\n, ಹೊಸಸಾಲಿನ ಗುರುತು) ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ ಆರ್ (\r) ಕೂತಿತ್ತು. ಫೈಲ್ ಮಾವನ ವಿಂಡೋಸಿನದು, ಅಲ್ಲಿ ಸಾಲಿನ ಕೊನೆಗೆ ಎರಡೂ ಇರುತ್ತವೆ; ನನ್ನದು ಲಿನಕ್ಸ್. ಇಲ್ಲಿ ಚೋಂಪ್ ತೆಗೆಯುವುದು ಎನ್ ಒಂದನ್ನೇ. ಊರಿನ ಹೆಸರು ಸಾಲಿನ ಕೊನೆಗಿತ್ತು, ಹಾಗಾಗಿ ಫೈಲಿನ ಹರಿಹರಕ್ಕೆ ಕಾಣದ ಬಾಲ. ನನ್ನ ಹ್ಯಾಶಿನ (ಊರಿನ ಹೆಸರಿಗೆ ಮೊತ್ತ ಜೋಡಿಸಿಡುವ ಪಟ್ಟಿ) ಹರಿಹರಕ್ಕೆ ಅದು ಹೊಂದುವುದಾದರೂ ಹೇಗೆ? ಚೋಂಪ್ ಕೆಳಗೆ ಆ ಆರ್ ಅಳಿಸುವ ಒಂದು ಸಾಲು ಸೇರಿಸಿದೆ, ಮುಗೀತು.

ಮಜಾ ಅಂದರೆ ಸುಳಿವು ನನಗೆ ಮೊದಲೇ ಸಿಕ್ಕಿತ್ತು. ಹೆಸರಿನ ಸುತ್ತ ಬ್ರ್ಯಾಕೆಟ್ ಹಾಕಿ ಪ್ರಿಂಟ್ ಮಾಡಿದಾಗ ಮುಚ್ಚುವ ಬ್ರ್ಯಾಕೆಟ್ ಸಾಲಿನ ಶುರುವಿಗೆ ಬಂದು ಕೂತಿತ್ತು. ಆರ್ ಕರ್ಸರನ್ನು ಸಾಲಿನ ಮೊದಲಿಗೆ ಎಳೆಯುತ್ತದಂತೆ. ನಾನು ಟರ್ಮಿನಲ್ಲೇ ಕೆಟ್ಟಿದೆ ಅಂದುಕೊಂಡು ಸುಮ್ನೆ ಬೈದಿದ್ದೆ.

ಇನ್ನೊಂದು ಪೆಟ್ಟು: ಉತ್ತರ ಬರೆಯುವ ಫೈಲನ್ನು ಒಂದೇ ಗ್ರೇಟರ್ ದ್ಯಾನ್ (>) ಹಾಕಿ ತೆರೆದೆ. ತೆರೆದ ಕೂಡಲೇ ನಿನ್ನೆಯದೆಲ್ಲ ಖಾಲಿ. ಹಳೆಯದರ ಕೆಳಗೆ ಸೇರಿಸಬೇಕಾದರೆ ಎರಡು (>>) ಹಾಕಬೇಕು.

ಓಡಿ ಹೇಳಿಕೊಟ್ಟವರೇ, ಈ ಕಡೆ ಬಂದರೆ ಬೆಣ್ಣೆದೋಸೆ ನನ್ನ ಲೆಕ್ಕ. ಮಾವ ಮಾತ್ರ ಈಗಲೂ ಕ್ಯಾಲ್ಕುಲೇಟರಲ್ಲಿ ಇನ್ನೊಮ್ಮೆ ಕೂಡಿಸಿ ನೋಡುತ್ತಾರೆ.