ಪದಚರ್ಚೆ: ಕೈಚೆಲ್ಲಿದ್ದು, ಕೈತಪ್ಪಿದ್ದು, ಕೈಗೆ ಎಟುಕದ್ದು. ಬೇಸ್‌ಬಾಲಿನ ‘ಎರರ್’ ಇವುಗಳಲ್ಲಿ ಯಾವುದು?

ಗೆಳೆಯರೇ,

ಬೇಸ್‌ಬಾಲ್‌ನಲ್ಲಿ ‘ಎರರ್’ ಅಂತ ಒಂದು ಲೆಕ್ಕ ಇದೆ. ಅದಕ್ಕೆ ಕನ್ನಡದಲ್ಲಿ ಸರಿಯಾದ ಪದ ಬೇಕು. ‘ತಪ್ಪು’ ಅಂದುಬಿಟ್ಟರೆ ಮುಗಿಯಿತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಓದಿ.

ನಾವಿರುವುದು ಡೆಟ್ರಾಯಿಟ್ ಹತ್ತಿರ. ಶಿವಮೊಗ್ಗದಿಂದ ಅಪ್ಪ ಬಂದಿದ್ದಾರೆ. ಸಂಜೆಯಾದರೆ ಟೀವಿಯಲ್ಲಿ ಟೈಗರ್ಸ್ ತಂಡದ ಆಟ. ಅಪ್ಪನಿಗೆ ಕ್ರಿಕೆಟ್ ಅಂದರೆ ಪ್ರಾಣ, ಬೇಸ್‌ಬಾಲ್ ಹೊಸದು. ಪಿಚರ್, ಬೇಸ್, ಸ್ಟ್ರೈಕ್ ಎಲ್ಲ ಒಂದೇ ವಾರದಲ್ಲಿ ಕಲಿತರು. ಈ ಪದಗಳನ್ನು ಹಾಗೇ ಇಟ್ಟುಕೊಂಡಿದ್ದೇವೆ. ವಿಕೆಟ್‌ಗೆ ಹುದ್ದರಿ ಅಂತ ಪತ್ರಿಕೆಗಳು ಎಷ್ಟು ವರ್ಷ ಬರೆದರೂ ಜನ ವಿಕೆಟ್ ಅಂತಲೇ ಅಂದರು, ಅಲ್ವಾ. ತೊಡಕು ಬಂದಿದ್ದು ಸ್ಕೋರ್‌ಬೋರ್ಡಿನ ಕೊನೆಯ ಮೂರು ಮನೆಗಳಲ್ಲಿ: ಆರ್, ಎಚ್, ಇ. ಆರ್ ಅಂದರೆ ರನ್. ಎಚ್ ಅಂದರೆ ಹಿಟ್, ಬ್ಯಾಟರ್ ಹೊಡೆದು ದಕ್ಕಿಸಿಕೊಂಡದ್ದು. ಇ ಅಂದರೆ ಎರರ್, ಫೀಲ್ಡರ್ ಕೆಡಿಸಿದ್ದು.

ಒಂದು ಸಂಜೆ ಹೀಗಾಯಿತು. ನೆಲಕ್ಕೆ ಬಡಿದ ಚೆಂಡು ನಮ್ಮ ಶಾರ್ಟ್‌ಸ್ಟಾಪ್‌ನ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಎಡಗಡೆ ಹೋಯಿತು. ಆತ ಎರಡು ಹೆಜ್ಜೆ ಇಟ್ಟ, ಬಗ್ಗಿದ, ಗ್ಲೌಸಿನಿಂದ ಗೇಣು ದೂರದಲ್ಲಿ ಚೆಂಡು ದಾಟಿತು. ಎಚ್ ಮನೆಯಲ್ಲಿ ಒಂದು ಸೇರಿತು. ಮುಂದಿನ ಇನ್ನಿಂಗ್ಸ್‌ನಲ್ಲಿ ಹೆಚ್ಚುಕಡಿಮೆ ಅದೇ ಜಾಗಕ್ಕೆ ಇನ್ನೊಂದು ಚೆಂಡು. ಎದುರು ತಂಡದ ಹುಡುಗ ಚಿಗರೆ ಹಾಗೆ ಓಡಿದ. ಚೆಂಡು ಬರುವ ಮೊದಲೇ ಅದರ ಮುಂದೆ ನಿಂತಿದ್ದ. ಗ್ಲೌಸಿಗೆ ಬಿದ್ದ ಚೆಂಡು ಪುಟಿದು ಹೊರಗೆ ಬಂತು. ಇ ಮನೆಯಲ್ಲಿ ಒಂದು ಬಿತ್ತು.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದರು. “ಓಡಿ ಹೋಗಿ ಮುಟ್ಟಿದವನದು ತಪ್ಪು. ಎರಡು ಹೆಜ್ಜೆಗೆ ನಿಂತವನದು ಏನೂ ಇಲ್ವಾ? ನಡೆಯುವವನು ಎಡವದೆ ಕೂತವನು ಎಡವುತ್ತಾನಾ?”

ಬೇಸ್‌ಬಾಲ್ ಅಭಿಮಾನಿಗಳು ಹತ್ತಾರು ವರ್ಷಗಳಿಂದ ಬಡಿದಾಡುತ್ತಿರುವುದು ಇದೇ ಮಾತಿಗೆ. ಒಂದು ಗಾದೆಯಲ್ಲಿ ಅಪ್ಪ ಅಲ್ಲಿಗೆ ಬಂದುಬಿಟ್ಟರು.

ಈಗ ಪದಕ್ಕೆ ಬರುತ್ತೇನೆ. ‘ತಪ್ಪು’ ನಮ್ಮಲ್ಲಿ ಎರಡು ಕೆಲಸ ಮಾಡುತ್ತದೆ. ಬಸ್ ತಪ್ಪಿತು, ದಾರಿ ತಪ್ಪಿತು, ಗುರಿ ತಪ್ಪಿತು ಅನ್ನುವಾಗ ಅದು ಬರೀ ಜಾರಿದ್ದು, ಸೇರದೇ ಹೋದದ್ದು. ‘ತಪ್ಪು ಮಾಡಿದ’ ಅಂದ ಕೂಡಲೇ ಅದು ಅಪರಾಧದ ಕಡೆ ವಾಲುತ್ತದೆ. ತಪ್ಪೊಪ್ಪಿಗೆ, ತಪ್ಪಿತಸ್ಥ ಎಲ್ಲ ಆ ಕಡೆಯವು. ಫೀಲ್ಡರ್ ತಲೆ ಮೇಲೆ ಅಷ್ಟು ಭಾರ ಹೊರಿಸುವುದು ನನಗೆ ಇಷ್ಟವಿಲ್ಲ. ಬಾಸ್ಟನ್ ತಂಡದ ಬಿಲ್ ಬಕ್ನರ್ ನೆನಪಾಗುತ್ತಾರೆ. 1986ರ ವರ್ಲ್ಡ್ ಸೀರೀಸ್‌ನ, ಅಂದರೆ ಫೈನಲ್ ಸರಣಿಯ, ಆರನೇ ಪಂದ್ಯದಲ್ಲಿ ಒಂದು ಚೆಂಡು ಅವರ ಕಾಲುಗಳ ಮಧ್ಯೆ ಉರುಳಿ ಹೋಯಿತು, ಬಾಸ್ಟನ್ ಸೋತಿತು. ಅದಕ್ಕೂ ಮೊದಲೇ ಆಟ ಸಮ ಆಗಿತ್ತು. ಇನ್ನೂ ಒಂದು ಪಂದ್ಯ ಬಾಕಿಯೂ ಇತ್ತು. ಆದರೂ ಆ ಒಂದು ‘ಇ’ ಅವರ ಹೆಸರಿಗೆ ವರ್ಷಗಟ್ಟಲೆ ಅಂಟಿಕೊಂಡಿತು. 2008ರಲ್ಲಿ ಬಾಸ್ಟನ್ನಿನ ಫೆನ್ವೇ ಪಾರ್ಕ್‌ನಲ್ಲಿ ಮೊದಲ ಚೆಂಡು ಎಸೆಯಲು ಅವರನ್ನು ಕರೆದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ 22 ವರ್ಷ ಕಳೆದಿತ್ತು.

ಹಾಗಾದರೆ ‘ಕೈತಪ್ಪು’? ಮೊದಲು ನನಗೆ ಇದೇ ಹಿಡಿಸಿತ್ತು. ಆದರೆ ಬಳಕೆ ನೋಡಿ. ಚುನಾವಣೆ ಬಂದಾಗ ‘ಟಿಕೆಟ್ ಕೈತಪ್ಪಿತು’ ಅಂತ ಬರೆಯುತ್ತಾರೆ. ಆ ಟಿಕೆಟ್ ಅವರ ಕೈಗೆ ಯಾವತ್ತೂ ಬಂದಿರಲೇ ಇಲ್ಲ. ಅಂದರೆ ಕೈತಪ್ಪುವುದು ಕೈಯಲ್ಲಿದ್ದದ್ದಕ್ಕೂ ಆಗುತ್ತದೆ, ಕೈಗೆ ಬಾರದ್ದಕ್ಕೂ ಆಗುತ್ತದೆ. ನಮಗೆ ಬೇಕಾದ ಗೆರೆಯೇ ಅಲ್ಲಿ ಅಳಿಸಿ ಹೋಗುತ್ತದೆ.

‘ಕೈಚೆಲ್ಲು’ ಹಾಗಲ್ಲ. ‘ಕ್ಯಾಚ್ ಕೈಚೆಲ್ಲಿದರು’ ಅಂತ ಕ್ರೀಡಾಪುಟದಲ್ಲಿ ಓದಿದ ಕೂಡಲೇ ಚಿತ್ರ ಕಣ್ಣಿಗೆ ಬರುತ್ತದೆ. ಕೈಗೆ ಬಂದಿತ್ತು, ಚೆಲ್ಲಿತು. ಬೊಗಸೆಯಲ್ಲಿ ಇಲ್ಲದ ನೀರನ್ನು ಯಾರೂ ಚೆಲ್ಲಲಾರರು. ಎರರ್‌ಗೆ ಇದು ತುಂಬ ಹತ್ತಿರ. ಆದರೆ ಪೂರ್ತಿ ಅಲ್ಲ. ಚೆಂಡು ಹಿಡಿದು ಬೇಸ್ ಕಡೆ ಅಡ್ಡಾದಿಡ್ಡಿ ಎಸೆದರೂ ಅದು ಎರರ್. ಬಕ್ನರ್‌ಗೆ ಆದ ಹಾಗೆ ಮುಟ್ಟದೇ ಹೋದರೂ ಎರರ್. ನಿಯಮದ ಪ್ರಕಾರ ಚೆಂಡು ಮುಟ್ಟಿರಲೇಬೇಕು ಅಂತಿಲ್ಲ. ಆ ಜಾಗದ ಸಾಮಾನ್ಯ ಫೀಲ್ಡರ್ ಅದನ್ನು ಮಾಮೂಲಾಗಿ ಹಿಡಿಯಬಹುದಾಗಿತ್ತೇ ಅನ್ನುವುದೇ ಪ್ರಶ್ನೆ. ಮೈದಾನದಲ್ಲಿ ಕೂತ ಅಧಿಕೃತ ಸ್ಕೋರರ್ ಅದನ್ನು ತೀರ್ಮಾನ ಮಾಡುತ್ತಾರೆ. ಕಣ್ಣಳತೆಯ ಲೆಕ್ಕ ಅದು.

ಈ ಲೆಕ್ಕದ ಆಚೆ ಇರುವುದೇ ನನ್ನ ಎರಡನೇ ಪದ. ಫೀಲ್ಡರ್ ಎಷ್ಟು ದೂರದ ಚೆಂಡನ್ನು ತಲುಪಬಲ್ಲ ಅನ್ನುವುದಕ್ಕೆ ಅಲ್ಲಿ ‘ರೇಂಜ್’ ಅನ್ನುತ್ತಾರೆ. ‘ವ್ಯಾಪ್ತಿ’ ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ‘ಹರವು’ ಹೊಳೆಗೆ, ಕೆರೆಗೆ ಚೆಂದ. ನನಗೆ ಹಿಡಿಸಿದ್ದು ‘ಎಟುಕು’. ಅಟ್ಟದ ಮೇಲಿನ ಡಬ್ಬಿ ಎಟುಕುತ್ತದೆ, ಎಟುಕುವುದಿಲ್ಲ. ಕೈಗೆಟುಕದ ದ್ರಾಕ್ಷಿ ಹುಳಿ. ಮೈ ಚಾಚಿ, ಬೆರಳ ತುದಿಯವರೆಗೆ ಮಾಡುವ ಪ್ರಯತ್ನ ಆ ಪದದಲ್ಲೇ ಇದೆ. ‘ಅವನ ಎಟುಕು ದೊಡ್ಡದು’ ಅಂತ ನಾಮಪದ ಮಾಡಿ ಹೇಳಬಹುದಾ? ಕೆಲವು ಕಡೆ ‘ನಿಲುಕು’ ಅನ್ನುತ್ತಾರೆ, ಅದೂ ಒಳ್ಳೆಯದೇ.

ಈ ಪದ ಯಾಕೆ ಮುಖ್ಯ ಅಂದರೆ, ಕೈಚೆಲ್ಲಿದ್ದನ್ನು ಮಾತ್ರ ಎಣಿಸುವ ಲೆಕ್ಕ ಎಟುಕದೇ ಹೋದದ್ದನ್ನು ನೋಡುವುದೇ ಇಲ್ಲ. ನ್ಯೂಯಾರ್ಕ್ ಯಾಂಕೀಸ್‌ನ ಡೆರೆಕ್ ಜೀಟರ್ 2010ರಲ್ಲಿ ಇಡೀ ಋತುವಿಗೆ ಮಾಡಿದ್ದು ಬರೀ 6 ಎರರ್. ಆ ವರ್ಷ ಅವರಿಗೆ ಐದನೇ ಗೋಲ್ಡ್ ಗ್ಲೌವ್, ಅಂದರೆ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ, ಬಂತು. ಎಟುಕನ್ನು ಅಳೆಯುವ ಹೊಸ ಲೆಕ್ಕಗಳಲ್ಲಿ ಮಾತ್ರ ಅವರ ಫೀಲ್ಡಿಂಗ್ ಹೆಚ್ಚಿನ ವರ್ಷಗಳಲ್ಲಿ ಸರಾಸರಿಗಿಂತ ಕೆಳಗೇ ಬರುತ್ತಿತ್ತು. ಹಿಡಿದದ್ದನ್ನು ಬಿಡುತ್ತಿರಲಿಲ್ಲ, ಆದರೆ ಅವರನ್ನು ದಾಟಿ ಹೋಗುವ ಚೆಂಡು ಜಾಸ್ತಿ. ಯಾಂಕೀಸ್ ಅಭಿಮಾನಿಗಳ ಎದುರು ಇದನ್ನು ಹೇಳಿದರೆ ಇವತ್ತಿಗೂ ಜಗಳ ಆಗುತ್ತದೆ. ಇನ್ನೊಂದು ತುದಿಯಲ್ಲಿ ಓಝಿ ಸ್ಮಿತ್. 1980ರಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತು, ಔಟ್ ಆಗಲು ನೆರವಾದ ಎಸೆತಗಳ ಲೆಕ್ಕದಲ್ಲಿ 621 ಮುಟ್ಟಿದರು. ಆ ದಾಖಲೆ ಇನ್ನೂ ನಿಂತಿದೆ.

ಇದನ್ನೆಲ್ಲ ಅಂಕಿಗೆ ಇಳಿಸಿದವರಲ್ಲಿ ಬೇಸ್‌ಬಾಲ್ ಬರಹಗಾರ ಬಿಲ್ ಜೇಮ್ಸ್ ಹೆಸರು ಮೊದಲು ಬರುತ್ತದೆ. ಎರರ್ ಬಿಟ್ಟು, ಒಬ್ಬ ಫೀಲ್ಡರ್ ಎಷ್ಟು ಔಟ್‌ಗಳಲ್ಲಿ ಕೈ ಜೋಡಿಸಿದ ಅಂತ ಎಣಿಸೋಣ ಅಂದರು ಅವರು. 2015ರಿಂದ ದೊಡ್ಡ ಲೀಗಿನ ಎಲ್ಲ ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಅನ್ನುವ, ಚೆಂಡಿನ ಮತ್ತು ಆಟಗಾರರ ಚಲನೆ ಅಳೆಯುವ ವ್ಯವಸ್ಥೆ ಬಂದಿದೆ. ಚೆಂಡು ಎಷ್ಟು ದೂರ ಇತ್ತು, ಎಷ್ಟು ಕ್ಷಣ ಸಿಕ್ಕಿತು ಅಂತ ಅಳೆದು, ಬೇರೆಯವರಾದರೆ ಅದನ್ನು ನೂರಕ್ಕೆ ಎಷ್ಟು ಸಲ ಹಿಡಿಯುತ್ತಿದ್ದರು ಅಂತ ಹೇಳುತ್ತದೆ. ಅಪ್ಪನಿಗೆ ಇದು ಬಹಳ ಹಿಡಿಸಿತು.

ಎಟುಕಿಗೆ ಲೆಕ್ಕ ಸಿಕ್ಕಿದ ಮೇಲೆ ಆಟಗಾರನ ಯೋಗ್ಯತೆಯನ್ನೂ ಬೇರೆ ರೀತಿ ತೂಗಬೇಕಾಯಿತು. ಇಲ್ಲಿ ಕನ್ನಡ ನಮಗೆ ಒಳ್ಳೆಯ ಜೋಡಿ ಕೊಟ್ಟಿದೆ: ಬೆಲೆ ಮತ್ತು ಬಾಳು. ಎತ್ತಿನ ಬೆಲೆ ಎಷ್ಟು ಅನ್ನುವುದು ಒಂದು, ಎತ್ತು ಎಷ್ಟು ಬಾಳುತ್ತದೆ ಅನ್ನುವುದು ಇನ್ನೊಂದು. ಜಾತ್ರೆಯಲ್ಲಿ ಮೊದಲನೆಯದನ್ನು ಮಾರುವವನು ಹೇಳುತ್ತಾನೆ, ಎರಡನೆಯದನ್ನು ಕೊಳ್ಳುವವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ‘ಮೌಲ್ಯ’ ಅಂದರೆ ಈ ಎರಡೂ ಕಲಸಿಹೋಗುತ್ತವೆ. ಟೈಗರ್ಸ್‌ನ ಮಿಗೆಲ್ ಕಬ್ರೆರಾ ಜೊತೆ 2014ರಲ್ಲಿ ಮಾಡಿಕೊಂಡ ಒಪ್ಪಂದ ಎಂಟು ವರ್ಷಕ್ಕೆ 24 ಕೋಟಿ 80 ಲಕ್ಷ ಡಾಲರ್. ಅದು ಬೆಲೆ. ಎಷ್ಟು ಬಾಳಿದರು ಅಂತ ನಮ್ಮೂರಲ್ಲಿ ಇನ್ನೂ ವಾದ ನಡೆಯುತ್ತದೆ. ನಾನು ಕಬ್ರೆರಾ ಕಡೆಯವನೇ.

ಆದರೂ 2012ರ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿದೆ. ಆ ವರ್ಷ ಕಬ್ರೆರಾ ಬ್ಯಾಟಿಂಗ್ ಸರಾಸರಿ .330, 44 ಹೋಮ್ ರನ್, 139 ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್) ಗಳಿಸಿ ಮೂರರಲ್ಲೂ ಲೀಗಿಗೇ ಮೊದಲಾದರು. 1967ರ ನಂತರ ಯಾರೂ ಮಾಡಿರಲಿಲ್ಲ. ಎಂವಿಪಿ, ಅಂದರೆ ಅತ್ಯಂತ ಅಮೂಲ್ಯ ಆಟಗಾರ, ಪ್ರಶಸ್ತಿಗೆ 28ರಲ್ಲಿ 22 ಮೊದಲ ಮತ ಅವರಿಗೇ ಬಿದ್ದವು. ಅದೇ ವರ್ಷ ಮೈಕ್ ಟ್ರೌಟ್ ಅನ್ನುವ ಹುಡುಗ 49 ಬೇಸ್ ಕದ್ದ (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರಿದ), ಗೋಡೆಯ ಮೇಲೆ ಹಾರಿ ಹೋಮ್ ರನ್‌ಗಳನ್ನು ಕಿತ್ತುಕೊಂಡ. ಓಟ, ಎಟುಕು ಎಲ್ಲ ಸೇರಿಸಿ ತೂಗುವ ‘ವಾರ್’ (ವಿನ್ಸ್ ಅಬೋವ್ ರಿಪ್ಲೇಸ್‌ಮೆಂಟ್) ಲೆಕ್ಕದಲ್ಲಿ ಅವನೇ ತುಂಬ ಮುಂದೆ ಇದ್ದ. ಎಟುಕಿಗೂ ಬೆಲೆ ಕೊಡಬೇಕು ಅಂತ ಒಪ್ಪಿದ ಮೇಲೆ, ಆ ವರ್ಷ ಟ್ರೌಟ್ ಜಾಸ್ತಿ ಬಾಳುತ್ತಿದ್ದ ಅಂತ ನಾನು ಒಪ್ಪಲೇಬೇಕು.

ಈ ‘ವಾರ್’ನಲ್ಲಿ ಇನ್ನೊಂದು ಕಷ್ಟದ ಪದ ಇದೆ. ಆಟಗಾರನನ್ನು ಹೋಲಿಸುವುದು ಸರಾಸರಿಯವನ ಜೊತೆ ಅಲ್ಲ, ಕನಿಷ್ಠ ಸಂಬಳಕ್ಕೆ ಯಾವಾಗ ಬೇಕಾದರೂ ಸಿಗುವವನ ಜೊತೆ. ಅಂಥವರೇ ತುಂಬಿದ ತಂಡ 162 ಪಂದ್ಯದಲ್ಲಿ ಸುಮಾರು 48 ಗೆಲ್ಲುತ್ತದೆ ಅಂತ ಲೆಕ್ಕ. ಇವನನ್ನು ‘ಬದಲಿ ಆಟಗಾರ’ ಅಂದರೆ ಕ್ರಿಕೆಟ್ ಓದುಗರಿಗೆ ನೀರು ತರುವ ಹನ್ನೆರಡನೆಯವನು ಕಾಣುತ್ತಾನೆ. ಅಪ್ಪ ‘ಹೊತ್ತಿಗೆ ಸಿಗೋ ಆಳು’ ಅಂದರು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ‘ಟ್ರೇಡ್’ಗೆ ನನ್ನ ಮತ ‘ಸಾಟಿ’ಗೆ. ಐಪಿಎಲ್ ಬಂದ ಮೇಲೆ ಆಟಗಾರರು ‘ಬಿಕರಿ’ಯಾದರು ಅಂತ ಬರೆಯುವುದು ರೂಢಿಯಾಗಿದೆ. ಮನುಷ್ಯರಿಗೆ ಆ ಪದ ನನಗೆ ಸರಿ ಕಾಣುವುದಿಲ್ಲ, ಟ್ರೇಡ್‌ಗೆ ಅರ್ಥವೂ ಹೊಂದುವುದಿಲ್ಲ. ‘ಮುಯ್ಯಾಳು’ ಕೂಡ ಆಗುವುದಿಲ್ಲ, ಮುಯ್ಯಾಳು ಕೆಲಸ ಮುಗಿಸಿ ಮನೆಗೆ ವಾಪಸ್ ಹೋಗುತ್ತಾನೆ. ಸಾಟಿ ಅಂದರೆ ಒಂದು ಕೊಟ್ಟು ಒಂದು ತರುವುದು. ಸಾಟಿ ಅಂದರೆ ಸರಿಸಮವೂ ಹೌದು. 2009ರಲ್ಲಿ ಜಹೀರ್ ಖಾನ್ ಬೆಂಗಳೂರಿನಿಂದ ಮುಂಬೈಗೆ ಹೋದರು, ನಮ್ಮ ರಾಬಿನ್ ಉತ್ತಪ್ಪ ಮುಂಬೈಯಿಂದ ಬೆಂಗಳೂರಿಗೆ ಬಂದರು. ಅದು ಸಾಟಿ. 1982ರ ಋತುವಿಗೆ ಮುಂಚೆ ಸ್ಯಾನ್ ಡಿಯೇಗೊ ಓಝಿ ಸ್ಮಿತ್ ಅವರನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಗ್ಯಾರಿ ಟೆಂಪಲ್‌ಟನ್ ಅವರನ್ನು ತಂದುಕೊಂಡಿತು. ಬ್ಯಾಟ್ ಹಿಡಿದರೆ ಟೆಂಪಲ್‌ಟನ್ ಎಷ್ಟೋ ಮೇಲು. ಹಿಂದಿನ ವರ್ಷ ಸ್ಮಿತ್ ಸರಾಸರಿ ಬರೀ .222 ಇತ್ತು. ಆದರೆ 1982ರ ವರ್ಲ್ಡ್ ಸೀರೀಸ್ ಗೆದ್ದಿದ್ದು ಸೇಂಟ್ ಲೂಯಿಸ್. ಅವರು ತಂದುಕೊಂಡಿದ್ದು ಎಟುಕನ್ನು.

ಕೊನೆಯದಾಗಿ ‘ಕ್ರೀಡಾ ಮನೋಭಾವ’. ಸೋತವರಿಗೆ ಸಮಾಧಾನ ಹೇಳಲು ಬಳಸಿ ಬಳಸಿ ಆ ಪದ ಸವೆದಿದೆ. ಅದರ ಪೂರ್ತಿ ಅರ್ಥ ನೋಡಬೇಕಾದರೆ 2010ರ ಜೂನ್ 2ರ ಸಂಜೆ ನೋಡಬೇಕು. ಜಾಗ ಇದೇ ಡೆಟ್ರಾಯಿಟ್. ಟೈಗರ್ಸ್ ಪಿಚರ್ ಅರ್ಮಾಂಡೊ ಗಲರಾಗ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. ಇನ್ನೊಬ್ಬ ಔಟಾದರೆ ಪರಿಪೂರ್ಣ ಪಂದ್ಯ, ಅಂದರೆ ಎದುರಾಳಿಗಳಲ್ಲಿ ಒಬ್ಬರೂ ಬೇಸ್ ಸೇರದ ಪಂದ್ಯ. 27ನೆಯವನ ಚೆಂಡನ್ನು ಕಬ್ರೆರಾ ಬಲಕ್ಕೆ ದೂರ ಓಡಿ ಹಿಡಿದು ಎಸೆದರು, ಗಲರಾಗ ಬೇಸ್ ಮುಟ್ಟಿದರು, ಬ್ಯಾಟರ್ ಇನ್ನೂ ಬಂದಿರಲಿಲ್ಲ. ಅಂಪೈರ್ ಜಿಮ್ ಜಾಯ್ಸ್ ಸೇಫ್, ಅಂದರೆ ಔಟ್ ಅಲ್ಲ, ಅಂದರು. ಗಲರಾಗ ಸುಮ್ನೆ ನಕ್ಕು, ವಾಪಸ್ ಹೋಗಿ ಮುಂದಿನ ಬ್ಯಾಟರನ್ನು ಔಟ್ ಮಾಡಿದರು. ಆಟ ಮುಗಿದ ಮೇಲೆ ಮರುಚಿತ್ರ ನೋಡಿ ಜಾಯ್ಸ್ ತಪ್ಪು ನನ್ನದೇ ಅಂದರು, ಗಲರಾಗರ ಹತ್ತಿರ ಕ್ಷಮೆ ಕೇಳಿದರು. ಮರುದಿನ ಆಟಗಾರರ ಪಟ್ಟಿಯನ್ನು ಅಂಪೈರ್‌ಗೆ ಕೊಡಲು ಗಲರಾಗ ತಾವೇ ನಡೆದು ಬಂದರು. ಜಾಯ್ಸ್ ಕಣ್ಣು ಒರೆಸಿಕೊಂಡರು.

ಅಪ್ಪನಿಗೆ ಇದನ್ನು ತೋರಿಸಿದಾಗ ಅವರು ಭದ್ರಾವತಿಯ ಜಿ.ಆರ್. ವಿಶ್ವನಾಥ್ ಹೆಸರು ಹೇಳಿದರು. 1980ರ ಬಾಂಬೆ ಟೆಸ್ಟ್‌ನಲ್ಲಿ ಔಟ್ ಅನ್ನಿಸಿಕೊಂಡು ಹೊರಟಿದ್ದ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ಭಾರತ ಸೋತಿತು. ಹೇಳುವಾಗ ಅಪ್ಪನ ದನಿ ಸ್ವಲ್ಪ ನಡುಗಿತು.

ಡೆಟ್ರಾಯಿಟ್‌ನ ಆ ಸಂಜೆಯ ಸ್ಕೋರ್‌ಬೋರ್ಡ್‌ನಲ್ಲಿ ಟೈಗರ್ಸ್ ಹೆಸರಿನ ಮುಂದೆ ಇ ಮನೆಯಲ್ಲಿ ಇದ್ದದ್ದು ಸೊನ್ನೆ. ‘ತಪ್ಪು’ ಅನ್ನುವ ಪದವನ್ನು ನಾನು ಫೀಲ್ಡರ್‌ಗಳಿಂದ ಬಿಡಿಸಿ ಇಂಥ ಕಡೆಗೆ ಉಳಿಸಿಕೊಳ್ಳಬೇಕು ಅನ್ನುವುದು ಇದಕ್ಕೇ. ಜಾಯ್ಸ್ ಮಾಡಿದ್ದು ತಪ್ಪು, ಆಮೇಲೆ ಮಾಡಿದ್ದು ತಪ್ಪೊಪ್ಪಿಗೆ. ಎರಡಕ್ಕೂ ಆ ಪದವೇ ಬೇಕು.

ಈಗ ಅಪ್ಪ ಆಟ ನೋಡುತ್ತಾ ಒಂದು ನೋಟ್‌ಬುಕ್‌ನಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ಇ ಮನೆಗೆ ‘ಕೈಚೆಲ್ಲು’ ಅಂತ ಬರೆದಿದ್ದಾರೆ. ಪಕ್ಕದಲ್ಲಿ ಇನ್ನೊಂದು ಮನೆ ಎಳೆದು, ಹಿಡಿಯಬಹುದಿತ್ತು ಅಂತ ಅವರಿಗೆ ಅನ್ನಿಸಿದ, ಆದರೆ ದಾಟಿ ಹೋದ ಚೆಂಡುಗಳನ್ನು ಗೀಟು ಹಾಕಿ ಎಣಿಸುತ್ತಾರೆ. ಅದರ ತಲೆಬರಹ ಖಾಲಿ ಇದೆ. ‘ಎಟುಕದ್ದು’ ಅಂತ ಬರೆಯಲೇ ಅಂತ ಕೇಳಿದರು, ನಿಮ್ಮನ್ನೆಲ್ಲ ಕೇಳಿ ಹೇಳುತ್ತೇನೆ ಅಂದಿದ್ದೇನೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ಮೈದಾನದಲ್ಲಿ ಇದಕ್ಕೆ ಏನನ್ನುತ್ತೀರಿ? ಅಡ್ಡಾದಿಡ್ಡಿ ಎಸೆತವನ್ನೂ ಒಳಗೆ ಸೇರಿಸಿಕೊಳ್ಳುವ, ಕೈಚೆಲ್ಲುವುದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆ ಇದೆಯಾ?