ದೆವ್ವದ ಸೀನಿಗೆ ಕ್ಯಾಸಿಯೋದಾಗ ಏನು ನುಡಿಸ್ಬೇಕು? ಅಂಜಿಕಿ ಹುಟ್ಟಿಸೋ ಸಿನಿಮಾ ಸಂಗೀತ ಬಲ್ಲವರು ಹೇಳ್ರಿ

ಕ್ಯಾಸಿಯೋ ಕುಷ್ಟಗಿ:

ಎಲ್ಲಾರಿಗೂ ನಮಸ್ಕಾರ್ರಿ. ನಾನು ನಾಟಕಕ್ಕ ಕ್ಯಾಸಿಯೋ ನುಡಿಸಾಂವ. ಕುಷ್ಟಗಿ, ಯಲಬುರ್ಗಾ, ಸಿಂಧನೂರು ಕಡೆ ಜಾತ್ರಿ ನಾಟಕ ಇದ್ರ ಪೇಟಿ ಮಾಸ್ತರ್ ಜೋಡಿ ನಾನು, ಪ್ಯಾಡ್ ನುಡಿಸೋ ನನ್ನ ತಮ್ಮ ಹೋಗ್ತೀವಿ. ಈ ಸಲ ಒಂದೂರಾಗ ಹುಡುಗ್ರು ಹಿಡಿದಿರೋ ಸಾಮಾಜಿಕ ನಾಟಕದಾಗ ಬಾವಿಗೆ ಬಿದ್ದು ಸತ್ತ ಸೊಸಿ ದೆವ್ವ ಆಗಿ ಬರ್ತಾಳ. "ಆಕಿ ಬಂದಾಗೆಲ್ಲ ಢಂ ಅನ್ನಿಸಿಬಿಡು, ಸಾಕು" ಅಂತಾರ ಮಾಸ್ತರ್ರು. ನನಗ ಅದು ಒಪ್ಪಿಗಿ ಇಲ್ಲ.

ಯಾಕಂದ್ರ ತಾಲೀಮಿನಾಗ ಕಣ್ಣಾರೆ ನೋಡೀನಿ. ಕಿಟಕಿ ಬಡದ್ರ ಢಂ. ಹಾಸ್ಯ ಪಾತ್ರದಾಂವ ಬೆಕ್ಕಿಗೆ ಹೆದರಿದ್ರ ಢಂ. ಕಡೀಕ ದೆವ್ವ ಬಂದ್ರೂ ಅದ ಢಂ. ಕಟ್ಟಿ ಮ್ಯಾಲ ಕುಂತ ಹುಡುಗ್ರು ಮೊದಲನೇದಕ್ಕ ಬೆಚ್ಚಿದ್ರು, ಎರಡನೇದಕ್ಕ ನಕ್ಕರು. ಸೊಸಿ ಖರೇನ ಬರೋ ಹೊತ್ತಿಗೆ ಒಬ್ಬಾಂವ ಮೊಬೈಲ್ ತಿಕ್ಕೋತ ಕುಂತಿದ್ದ.

ಆವತ್ತಿನಿಂದ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಹಳೇ ಸಿನಿಮಾ ಕೇಳಾಕ ಹತ್ತೀನಿ. ನೋಡೋದಲ್ಲ, ಕೇಳೋದು. 1975ರ 'ಜಾಸ್' ನನ್ನ ತಲಿ ಕೆಡಿಸೈತಿ. ಅದು ಶಾರ್ಕ್ ಮೀನಿನ ಕಥಿ, ದೆವ್ವದ್ದಲ್ಲ, ಆದ್ರ ಅಂಜಿಕಿ ಅಂಜಿಕೀನ. ಜಾನ್ ವಿಲಿಯಮ್ಸ್ ಅದಕ್ಕ ಹಾಕಿದ್ದು ಎರಡ ಸ್ವರ. ಕ್ಯಾಸಿಯೋದಾಗ ಬಿಳಿ ಮೂರು, ಬಿಳಿ ನಾಲ್ಕು. ನಡುವ ಕರಿ ಕೀ ಇಲ್ಲದ ಒತ್ತಿಗೊತ್ತಿ ಇರೋ ಜೋಡಿ. ಪಿಯಾನೋದಾಗ ನುಡಿಸಿ ತೋರಿಸಿದಾಗ ನಿರ್ದೇಶಕ ಸ್ಪೀಲ್‌ಬರ್ಗ್ ಚೇಷ್ಟಿ ಮಾಡಾಕತ್ಯಾನ ಅಂತ ತಿಳಕೊಂಡಿದ್ನಂತ. ಆಮ್ಯಾಲ ಅದ ಸಂಗೀತಕ್ಕ ಆಸ್ಕರ್ ಬಂತು.

ನನಗ ಹಿಡಿಸಿದ್ದು ಸ್ವರಕ್ಕಿಂತ ಅದರ ನೇಮ. ಸಿನಿಮಾದಾಗ ಇಬ್ರು ಹುಡುಗ್ರು ಸುಳ್ಳು ರೆಕ್ಕಿ ಮಾಡ್ಕೊಂಡು ನೀರಾಗ ಈಜಿ ಮಂದೀನ ಹೆದರಸ್ತಾರ. ದಂಡಿ ತುಂಬ ಒದರಾಟ, ಓಡಾಟ. ಆದ್ರ ಆ ಎರಡು ಸ್ವರ ಬರೋದಿಲ್ಲ! ಖರೇ ಶಾರ್ಕ್ ಇದ್ದಾಗ ಬರ್ತೈತಿ. ಅಂದ್ರ ಸಂಗೀತ ನಮಗ ಸುಳ್ಳು ಹೇಳಿಲ್ಲ. ಅದಕ್ಕ ಮುಂದ ನೀರು ಖಾಲಿ ಕಂಡ್ರೂ ಆ ಸ್ವರ ಕೇಳಿದ್ರ ನಾವು ನಂಬ್ತೀವಿ, ಕಾಲು ಮ್ಯಾಲ ಎಳಕೋತೀವಿ.

ನನ್ನ ಪ್ರಕಾರ ದೆವ್ವದ ಸಂಗೀತ ಸಾಕ್ಷಿ ಹೇಳಬೇಕು, ಅದೂ ಸುಳ್ಳು ಸಾಕ್ಷಿ ಅಲ್ಲ. ಈ ನೇಮ ಹಿಡಿದ ಬ್ಯಾರೆ ಸಿನಿಮಾ ಯಾವು ಅದಾವು? ಕನ್ನಡದಾಗ? ಇನ್ನೊಂದು ಮಾತು, ನಮ್ಮ ಕಡೀದ ಚೌಡಿಕಿ ಸದ್ದು ಬಳಸಿದ್ರ ಹೆಂಗ? ತಂತಿ ಬಿಗೀತಾ ಸಡಲಸ್ತಾ ಮೀಟಿದಾಗ ಸ್ವರ ಜಾರ್ತೈತಲ್ಲ, ಕ್ಯಾಸಿಯೋದ ಪಿಚ್ ಬೆಂಡ್ ಚಕ್ರ ತಿರುವಿದ್ರ ಹತ್ತಿರ ಹತ್ತಿರ ಅದ ಬರ್ತೈತಿ.

ರೀಲು ಗಂಗಾವತಿ:

ತಮ್ಮಾ, ನಾನು ಟಾಕೀಸಿನಾಗ ಆಪರೇಟರ್ ಇದ್ದಾಂವ. ಕ್ಯಾಬಿನ್ ಕಿಂಡಿಯಿಂದ ಪಡದಿಗಿಂತ ಮಂದಿ ತಲಿ ಚಲೋ ಕಾಣ್ತಿದ್ವು. ಎಲ್ಲಿ ತಲಿ ಅಲುಗೋದು ನಿಂತ್ವು, ಎಲ್ಲಿ ಒಮ್ಮಿಗೇ ಹಿಂದ ಸರದ್ವು, ಅದು ನನಗ ಗೊತ್ತೈತಿ.

ಕನ್ನಡದಾಗ ಕೇಳಿದ್ಯಲ್ಲ, 1979ರ 'ನಾ ನಿನ್ನ ಬಿಡಲಾರೆ' ಮೊದಲು ಕೇಳು. ಅನಂತನಾಗ್, ಲಕ್ಷ್ಮಿ. ಸಂಗೀತ ರಾಜನ್-ನಾಗೇಂದ್ರ. ಅವರೆಂಥಾ ಮಧುರ ಸಂಗೀತದವರು ಅಂತ ಬ್ಯಾರೆ ಹೇಳಬೇಕಾ? 'ನಾನು ನೀನು ಒಂದಾದ ಮೇಲೆ' ಇವತ್ತಿಗೂ ಮದುವಿ ಆರ್ಕೆಸ್ಟ್ರಾದಾಗ ಹಾಡ್ತಾರ, ದೆವ್ವದ ಸಿನಿಮಾದ್ದು ಅಂತ ಅರ್ಧ ಮಂದಿಗೆ ನೆನಪಿರೂದಿಲ್ಲ. ಅದ ಅದರ ಗಟ್ಟಿತನ. ಗಂಡ ಹೆಂಡ್ತಿ ಸುಖವಾಗಿದ್ದದ್ದು ನಿನ್ನ ಮನಸಿಗೆ ನಾಟಿದ್ರ ಮಾತ್ರ ಅದು ಕೆಡೋದು ನೋಡಾಕ ಸಂಕಟ ಆಗ್ತೈತಿ. ಮೊದಲ ಸೀನಿನಿಂದ ಕತ್ತಲಿ ಸಂಗೀತ ಹಾಕಿದ್ರ ಮಂದಿ ಕತ್ತಲಿಗೆ ಹೊಂದಿಕೋತಾರ. ನಿನ್ನ ನಾಟಕದಾಗ ಆ ಸೊಸಿ ಜೀವಂತ ಇದ್ದಾಗ ಆಕಿಗೊಂದು ಚೆಂದದ ಧಾಟಿ ಕೊಡು. ಜೋಗುಳ ಕೊಡು. ಸತ್ತ ಮ್ಯಾಲ ಅದನ್ನ ತಾ.

ಇದು ಹೊಸಾದಲ್ಲ. 1949ರ ಹಿಂದಿ 'ಮಹಲ್' ಐತಲ್ಲ, ಖೇಮಚಂದ್ ಪ್ರಕಾಶ್ ಸಂಗೀತ, ಲತಾ ಹಾಡಿದ 'ಆಯೇಗಾ ಆನೇವಾಲಾ'. ಅದರಾಗ ಒಂದು ಚೀರಾಟ ಇಲ್ಲ. ದನಿ ದೂರದಿಂದ ಹತ್ತಿರ ಬರೂದು, ಅಷ್ಟ. ಆಗ ಅದನ್ನ ಮಾಡಾಕ ಯಂತ್ರ ಎಲ್ಲಿದ್ವು? ಲತಾ ಮೈಕಿನಿಂದ ದೂರ ನಿಂತು, ಹಾಡ್ಕೋತ ಹಾಡ್ಕೋತ ಮೈಕಿನ ಹತ್ತಿರ ನಡಕೊಂಡು ಬಂದ್ರಂತ. ನಿನ್ನ ನಾಟಕದಾಗೂ ಪಡದಿ ಹಿಂದ ಅದನ್ನ ಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು. ಹಳೇ ಪ್ರಿಂಟಿನಾಗ ಸಂಗೀತ ನಿಂತಾಗ ಪೂರಾ ಶಾಂತ ಆಗ್ತಿದ್ದಿಲ್ಲ. ಫಿಲಂ ಅಂಚಿನ ಸೌಂಡ್ ಟ್ರ್ಯಾಕ್ ಗೀರುಬಿದ್ದು ಸವೆದಿರ್ತಿತ್ತು, ಸರ್‌ರ್ ಅಂತ ಸಣ್ಣ ಸದ್ದು ಉಳೀತಿತ್ತು. ಆವಾಗ ಟಾಕೀಸು ಪೂರ್ತಿ ಉಸಿರು ಹಿಡಿದು ಕುಂದ್ರೋದು. ಬಾಲ್ಕನಿಯವ್ರೂ ಅಷ್ಟ, ಗಾಂಧಿ ಕ್ಲಾಸಿನವ್ರೂ ಅಷ್ಟ. ಸದ್ದು ಏರಿಸಿ ಹೆದರಿಸಿದ್ದಕ್ಕಿಂತ ನಿಲ್ಲಿಸಿ ಹೆದರಿಸಿದ್ದು ನಾನು ಹೆಚ್ಚು ನೋಡೀನಿ.

ಪಿಟೀಲು ರಾಯಚೂರು:

ಕುಷ್ಟಗಿ ಅಣ್ಣಾರ, ನಿಮ್ಮ "ಸಾಕ್ಷಿ" ಮಾತು ಭಾಳ ಹಿಡಿಸ್ತು. ನಾನು ಪಿಟೀಲು ಕಲಸ್ತೀನಿ, ಹಂಗಾಗಿ 'ಸೈಕೋ' ಬಗ್ಗೆ ಬರೀದೆ ಇರಾಕ ಆಗೂದಿಲ್ಲ. 1960ರ ಸಿನಿಮಾ. ಬರ್ನಾರ್ಡ್ ಹರ್ಮನ್ ಇಡೀ ಚಿತ್ರಕ್ಕ ಬರೀ ತಂತಿವಾದ್ಯ ಬಳಸ್ಯಾರ. ಊದೋದು ಇಲ್ಲ, ಬಡಿಯೋದು ಇಲ್ಲ. ಸ್ನಾನದ ಮನಿಯಾಗ ಹೆಂಗಸಿನ ಕೊಲೆ ಆಗೋ ಸೀನಿಗೆ ಸಂಗೀತಾನ ಬ್ಯಾಡ ಅಂದಿದ್ರು ನಿರ್ದೇಶಕ ಹಿಚ್‌ಕಾಕ್. ಹರ್ಮನ್ ಕೇಳಲಿಲ್ಲ, ಬರದು ಕೇಳಿಸಿದ್ರು, ಹಿಚ್‌ಕಾಕ್ ಒಪ್ಪಿಕೊಂಡ್ರು.

ಆ ಸದ್ದನ್ನ ನಮ್ಮ ಹುಡುಗ್ರಿಗೆ ಮಾಡಿ ತೋರಿಸೀನಿ. ಮ್ಯಾಲಿನ ತಂತಿ ಮ್ಯಾಲ ಬೆರಳು ತುದೀಗೆ ಒಯ್ದು, ಕಮಾನಿನ ಬುಡದ ಕಡೀಲೆ ಒತ್ತಿ ಎಳೀಬೇಕು. ಪ್ರತಿ ಸಲ ಕಮಾನು ಎತ್ತಿ ಮತ್ತ ಹೊಸದಾಗಿ ಇಳಸ್ಬೇಕು. ರಾಳದ ಪುಡಿ ಹಾರ್ತದ, ತಂತಿ ಸ್ವರಕ್ಕಿಂತ ಹೆಚ್ಚು ಕೆರೆತ ಕೊಡ್ತದ. ಒಂದರ ಮ್ಯಾಲೊಂದು ಪಿಟೀಲು ಒಂದಕ್ಕೊಂದು ಒಗ್ಗದ ಸ್ವರ ಹಿಡಿದು ಕೂಡ್ತಾವ. ಆ ಚೀರು ಅದ ಸಿನಿಮಾದಾಗ ಮುಂದಿನ ಕೊಲೆಗೂ ಬರ್ತದ, ಮೆಟ್ಟಿಲ ಮ್ಯಾಲಿನ ಸೀನು ನೆನಸ್ಕೊಳ್ರಿ. ನಿಮ್ಮ ನೇಮಾನ ಅದು.

ಚೌಡಿಕಿ ವಿಷಯಕ್ಕ ಮಾತ್ರ ನಾನು ಬ್ಯಾಡ ಅಂತೀನಿ. ಹುಲಿಗೆಮ್ಮನ ಗುಡಿಗೆ ನಡಕೊಂಡ ಮನಿತನ ನಮ್ಮದು. ಚೌಡಿಕಿ ಕೇಳಿದ್ರ ನಮ್ಮವ್ವ ಎಲ್ಲಿದ್ದಲ್ಲೆ ಕೈ ಮುಗೀತಾಳ. ನಿಮ್ಮ ನಾಟಕಕ್ಕ ಬರೋ ಹೆಣ್ಮಕ್ಕಳೂ ಮುಗೀತಾರ. ಆ ಸದ್ದಿಗೆ ಜೋಗತಿಯರು ಆಯುಷ್ಯ ಹಾಕ್ಯಾರ. ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದದ್ದು ಆ ಪರಂಪರೆಯಿಂದ. ಅದನ್ನ ದೆವ್ವಕ್ಕ ಹಚ್ಚೋದು ಸರಿ ಅಲ್ಲ, ಮತ್ತ ಹಚ್ಚಿದ್ರೂ ಯಾರೂ ಅಂಜೂದಿಲ್ಲ, ಭಕ್ತಿ ಹುಟ್ಟತದ.

ಸದ್ದಿಗೆ ತನ್ನಷ್ಟಕ್ಕ ಅಂಜಿಕಿ ಇರೂದಿಲ್ಲ, ಯಾವುದರ ಜೋಡಿ ಕೇಳೀವಿ ಅನ್ನೋದರಿಂದ ಬರ್ತದ. 'ದಿ ಎಕ್ಸಾರ್ಸಿಸ್ಟ್' (1973) ನೋಡ್ರಿ. ಲಾಲೊ ಶಿಫ್ರಿನ್ ಬರೆದ ಸಂಗೀತ ನಿರ್ದೇಶಕರಿಗೆ ಹಿಡಿಸಲಿಲ್ಲ, ತಗದು ಹಾಕಿದ್ರು. ಬದಲಿಗೆ ಬಂದದ್ದು ಮೈಕ್ ಓಲ್ಡ್‌ಫೀಲ್ಡ್ ಅನ್ನೋ ಹುಡುಗನ 'ಟ್ಯೂಬುಲರ್ ಬೆಲ್ಸ್'. ಆತ ಅದನ್ನ ಸಿನಿಮಾಕ್ಕಂತ ಬರೆದಿದ್ದಿಲ್ಲ, ದೆವ್ವಕ್ಕಂತೂ ಅಲ್ಲವೇ ಅಲ್ಲ. ಸಿನಿಮಾದಾಗ ಬರೋದೂ ಸ್ವಲ್ಪ ಹೊತ್ತು. ಆದ್ರ ಇವತ್ತು ಆ ಪಿಯಾನೋ ಕೇಳಿದ್ರ ಮೈ ಜುಂ ಅಂತದ. ನಿಮಗ ಬೇಕಾದ ಅಂಜಿಕೀನ ನಿಮ್ಮ ನಾಟಕದೊಳಗ ನೀವ ಹುಟ್ಟಿಸ್ಬೇಕು. ಗಂಗಾವತಿ ಕಾಕಾ ಹೇಳಿದ ಜೋಗುಳ ಅದಕ್ಕ ಸರಿ ಅದ.

ಬಳ್ಳಾರಿ ಮಿಕ್ಸಿಂಗ್:

ಒಳ್ಳೆ ಚರ್ಚೆ. ಒಂದು ತಕರಾರು ಮಾತ್ರ ಐತೆ. ಸಂಗೀತ ಯಾವಾಗಲೂ ಇದ್ದದ್ದನ್ನೇ ಹೇಳಬೇಕು ಅಂತೇನಿಲ್ಲ. ಅದೇ 'ಸೈಕೋ'ದಲ್ಲಿ ಆ ಹೆಂಗಸು ಸುಮ್ನೆ ಕಾರು ಓಡಿಸ್ತಾ ಇರ್ತಾಳೆ. ಮಳೆ, ವೈಪರ್, ಅಷ್ಟೇ. ಸದ್ದು ಬಂದ್ ಮಾಡಿ ನೋಡಿ, ಒಬ್ಬಳು ಊರಿಗೆ ಹೊರಟಂಗೆ ಕಾಣ್ತದೆ. ಸಂಗೀತ ಹಾಕಿದರೆ ಎದೆ ಹೊಡ್ಕೊಳ್ಳುತ್ತೆ. ಅಲ್ಲಿ ಇನ್ನೂ ಏನೂ ಆಗಿಲ್ಲವಲ್ಲ? ಅಂದರೆ ಮುಂದೆ ಆಗೋದನ್ನೂ ಸಂಗೀತ ಹೇಳಬಹುದು. ಆದರೆ ಹೇಳಿದ್ದು ಆಗಲೇಬೇಕು. ಅಷ್ಟು ಮಟ್ಟಿಗೆ ನಿಮ್ಮ ಮಾತು ಸರಿ.

ನಮ್ಮೂರಲ್ಲಿ ಮರೆಯಲಾಗದ್ದು ಅಂದರೆ 'ಆಪ್ತಮಿತ್ರ', 2004. ಗುರುಕಿರಣ್ ಸಂಗೀತ. ಅದರಲ್ಲಿ ನಟಿಸಿದ್ದ ಸೌಂದರ್ಯ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು, ಸಿನಿಮಾ ಬಂದಿದ್ದು ಆಗಸ್ಟ್‌ನಲ್ಲಿ. ಜನ ಆ ನೋವು ಇಟ್ಕೊಂಡೇ ಒಳಗೆ ಕೂತಿದ್ದರು. 'ರಾ ರಾ' ತೆಲುಗು ಹಾಡು, ಬಳ್ಳಾರಿಯಲ್ಲಿ ಅರ್ಧ ಮನೆಗಳಲ್ಲಿ ತೆಲುಗೇ ಮಾತು. ಹಾಗಾಗಿ ಇಲ್ಲಿ ಅದು ಯಾವುದೋ ನಾಗವಲ್ಲಿಯ ಹಾಡಾಗಿ ಕೇಳಲಿಲ್ಲ, ಪಕ್ಕದ ಮನೆಯಿಂದ ಯಾರೋ ಕರೆದಂಗೆ ಕೇಳ್ತು. ಈ ಊರಿನ ಕಿವಿಗೆ ಆ ಹಾಡು ಕೊಟ್ಟ ನಡುಕ ಬೇರೆ ಕಡೆ ಸಿಕ್ಕಿರಲಿಕ್ಕಿಲ್ಲ ಅಂತ ನನ್ನ ನಂಬಿಕೆ. ಇತ್ತೀಚಿನದ್ದು ಬೇಕಂದರೆ 'ರಂಗಿತರಂಗ' (2015), ಹಾಡು ಅನೂಪ್ ಭಂಡಾರಿ ಅವರದು, ಹಿನ್ನೆಲೆ ಸಂಗೀತ ಅಜನೀಶ್ ಲೋಕನಾಥ್. ಹಾಡು ಬಿಟ್ಟು ಹಿನ್ನೆಲೆಯನ್ನೇ ಹೆಡ್‌ಫೋನ್ ಹಾಕಿ ಕೇಳಿ.

ಈಗ ಕೆಲಸದ ಮಾತು. 'ಜಾಸ್' ತರಹ ಕೆಳಗಿನ ಸ್ವರ ನುಡಿಸಬೇಕು ಅಂತಿದ್ದರೆ ಮೊದಲು ಮೈಕ್ ಸೆಟ್ ಯಾವುದು ಕೇಳಿ. ಡಬಲ್ ಬಾಸ್‌ನ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಜಾತ್ರೆಯ ಹಾರ್ನ್‌ನಲ್ಲಿ ಅದು ಬರೋದೇ ಇಲ್ಲ, ಹಾರ್ನ್ ಮಾತಿಗೆ ಮಾಡಿದ್ದು. ನೀವು ಎಡಗೈ ತುದಿಯಲ್ಲಿ ನುಡಿಸ್ತಿರ್ತೀರಿ, ಹಿಂದೆ ಕೂತವರಿಗೆ ಟಪ್ ಟಪ್ ಅಂತ ಕೀ ಸದ್ದು ಬಿಟ್ಟರೆ ಏನೂ ಕೇಳಲ್ಲ. ದೊಡ್ಡ ಬಾಕ್ಸ್ ಇದ್ದರೆ ಸರಿ. ಇಲ್ಲ ಅಂದರೆ ಅದೇ ಎರಡು ಸ್ವರ ನಡುವಿನ ಸಪ್ತಕದಲ್ಲಿ ನುಡಿಸಿ, ಚೆಲ್ಲೋ ಟೋನ್ ಇಟ್ಟು.

ಕ್ಯಾಸಿಯೋ ಕುಷ್ಟಗಿ:

ಎಲ್ಲಾರಿಗೂ ಶರಣು. ಅಕ್ಕಾರ, ಚೌಡಿಕಿ ಮಾತು ನೀವು ಹೇಳಿದಂಗ ಆಗ್ಲಿ, ಅದನ್ನ ಮುಟ್ಟೂದಿಲ್ಲ. ಜೋಗುಳಾನ ಹಿಡೀತೀನಿ. ಬಳ್ಳಾರಿ ಸರ್, ಅಲ್ಲಿ ಹಾರ್ನ್ ಐತಿ, ಬಾಕ್ಸ್ ಇಲ್ಲ. ನಡುವಿನ ಸಪ್ತಕನ.

ನಿನ್ನಿ ಒಂದು ಹೊಸಾದು ಸಿಕ್ತು. 1978ರ 'ಹ್ಯಾಲೋವೀನ್'. ನಿರ್ದೇಶಕ ಜಾನ್ ಕಾರ್ಪೆಂಟರ್ ತಾನ ಸಂಗೀತ ಮಾಡ್ಯಾನ. ಐದರ ಲೆಕ್ಕ, ಅವರಪ್ಪ ಸಣ್ಣವ ಇದ್ದಾಗ ಬಾಂಗೋ ಮ್ಯಾಲ ಕಲಿಸಿದ್ದಂತ. ನಮ್ಮ ತಮ್ಮ ಪ್ಯಾಡ್ ಮ್ಯಾಲ ಬಾರಿಸಿ ನೋಡಿದ. ಐದನ್ನ ಅರ್ಧ ಅರ್ಧ ಮಾಡಿ ಎಣಿಸಿದ್ರ ಝಪತಾಲದಂಗ ಹತ್ತು ಮಾತ್ರಿ, ಆದ್ರ ಎರಡು-ಮೂರು-ಎರಡು-ಮೂರು ಅಲ್ಲ, ಮೂರು-ಮೂರು-ಎರಡು-ಎರಡು. ಕಡೀ ಎರಡರಾಗ ಕಾಲು ತಪ್ಪಿದಂಗ ಆಗಿ ಮತ್ತ ಮೊದಲಿಗೆ ಬೀಳ್ತೈತಿ, ಎಲ್ಲೂ ನಿಲ್ಲಾಕ ಜಾಗ ಸಿಗೂದಿಲ್ಲ. ಜೋಗುಳ ಆರು ಮಾತ್ರಿದಾಗ ಸಮಾಧಾನದಿಂದ ತೂಗ್ಲಿ, ಸತ್ತು ಬಂದ ಮ್ಯಾಲ ಅದ ಧಾಟೀನ ಈ ಹತ್ತರಾಗ ಕೂಡಿಸಬೇಕು ಅಂತ ಮಾಡೀನಿ. ಬೆಕ್ಕಿಗೂ ಕಿಟಕಿಗೂ ಏನೂ ಇಲ್ಲ ಅಂತ ಮಾಸ್ತರಿಗೆ ಹೇಳೀನಿ, ಅರ್ಧ ಒಪ್ಯಾರ.

ತೊಡಕು ಒಂದ. ಸೊಸಿ ಪಾತ್ರ ಮಾಡೋ ಅಕ್ಕ ಹೊರಗಿನವ್ರು, ನಾಟಕದ ದಿನ ಸಂಜೀಕ ಬಂದು ಇಳೀತಾರ. ತಾಲೀಮು ಇಲ್ಲ. ಹಾಡ್ಕೋತ ನಡಕೊಂಡು ಬರೋದು ಯಾರ ಕಡೆ ಮಾಡಸ್ಲಿ?

ಪಿಟೀಲು ರಾಯಚೂರು:

ಆ ಅಕ್ಕಾರ ಹಾಡಬೇಕಂತೇನದ? ಎರಡೂ ಕಡೆ ಊರಾಗಿನ ಒಬ್ಬ ಹುಡುಗಿ ಕಡೆ ಹಾಡಸ್ರಿ, ಜೀವಂತ ಇದ್ದಾಗಿನದ್ದೂ ಆಕೀನ, ಸತ್ತ ಮ್ಯಾಲಿನದ್ದೂ ಆಕೀನ. ದನಿ ಒಂದ ಇದ್ರ ಸಾಕು, ಮಂದಿ ಕೂಡಿಸ್ಕೋತಾರ. ಹತ್ತು ಮಾತ್ರಿ ಆಕಿಗೆ ಕಲಸ್ಬ್ಯಾಡ್ರಿ, ಆಕಿ ಜೋಗುಳ ತನ್ನ ನಡಿಯೊಳಗ ಹಾಡ್ಲಿ, ಹತ್ತು ನಿಮ್ಮ ಕೈಯಾಗ ಇರ್ಲಿ. ಎರಡೂ ಕೂಡದೆ ಜಗ್ಗಾಡೋದ ನಿಮಗ ಬೇಕಾದದ್ದು.

ರೀಲು ಗಂಗಾವತಿ:

ಆ ಹುಡುಗಿಗೆ ಬ್ಯಾರೆ ಮೈಕ್ ಕೊಡಬ್ಯಾಡ. ಪಡದಿ ಮಗ್ಗಲ ಇರೋ ಸ್ಟ್ಯಾಂಡ್ ಮೈಕಾನ ಸಾಕು. ಗ್ರೀನ್ ರೂಮಿನ ಬಾಗಲದಿಂದ ನಡೀಲಿ, ಮೈಕಿಗೆ ಒಂದು ಮಾರು ಇರೋವಾಗ ನಿಲ್ಲಲಿ. ಅದಕ್ಕಿಂತ ಹತ್ತಿರ ಬಂದ್ರ ಹಾರ್ನ್ ಕುಂಯ್ ಅಂತೈತಿ. ನಿಲ್ಲೋ ಜಾಗಕ್ಕ ಸುಣ್ಣದ ಗೆರಿ ಹೊಡಿ, ಕತ್ತಲದಾಗ ಆಕಿಗೆ ಕಾಣಬೇಕು. ಜನರೇಟರ್ ಮಾತ್ರ ರಂಗದ ಹಿಂದ ಇಡಸ್ಬ್ಯಾಡ, ದೂರ ಇಡಿಸು, ಇಲ್ಲಾಂದ್ರ ನೀ ಕ್ಯಾಸಿಯೋದಿಂದ ಕೈ ಎತ್ತಿ ಸದ್ದು ನಿಲ್ಲಿಸಿದಾಗೂ ಅದ ಕೇಳ್ತೈತಿ.