ಸ್ಪಿತಿ ಕಣಿವೆಗೆ ಸೈಕಲ್ ಪ್ರವಾಸ: ಯಾವ ಕಡೆಯಿಂದ ಹೊರಡುವುದು?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಸ್ಪಿತಿಯ ತಾಬೊ, ಧಂಕರ್, ಕೀ ಬೌದ್ಧ ವಿಹಾರಗಳನ್ನು ಸೈಕಲ್ಲಿನಲ್ಲಿ ನೋಡಿಬರಬೇಕೆಂದಿದ್ದೇವೆ. ಮನಾಲಿಯಿಂದ ಹೊರಡುವುದು ಒಳ್ಳೆಯದೋ, ಶಿಮ್ಲಾದಿಂದಲೋ? ನಮ್ಮ ಅಭ್ಯಾಸವೆಲ್ಲ ನಂದಿಬೆಟ್ಟದ ಏರಿನಲ್ಲೇ ನಡೆದಿದೆ.

ಉತ್ತರ 1: ಶಿಮ್ಲಾದಿಂದಲೇ ಹೊರಡಿರಿ. ದಾರಿ ಉದ್ದವಾದರೂ, ಸತ್ಲಜ್ ನದಿಯ ಜೊತೆಯಲ್ಲಿ ಕಿನ್ನೌರಿನ ಮೂಲಕ ಎತ್ತರವು ನಿಧಾನವಾಗಿ ಹೆಚ್ಚುವುದರಿಂದ ತೆಳುಗಾಳಿಗೆ ದೇಹವು ಒಗ್ಗಿಕೊಳ್ಳುತ್ತದೆ. ಮನಾಲಿಯ ಕಡೆಯಿಂದಾದರೆ 4,500 ಮೀಟರ್ ದಾಟಿದ ಕುಂಜುಮ್ ಘಟ್ಟವು ಮೊದಲ ಕೆಲವೇ ದಿನಗಳಲ್ಲಿ ಎದುರಾಗುತ್ತದೆ. ತಾಬೊ ಗ್ರಾಮವೇ ನಂದಿಬೆಟ್ಟದ ಎರಡು ಪಟ್ಟಿಗಿಂತ ಎತ್ತರದಲ್ಲಿದೆ.

ಉತ್ತರ 2: ತಾಬೊದಲ್ಲಿ ಒಂದು ದಿನ ಪೂರ್ತಿ ತಂಗಿರಿ. 996ರಲ್ಲಿ ಸ್ಥಾಪನೆಯಾದ ಆ ವಿಹಾರದ ಮಣ್ಣಿನ ಗೋಡೆಗಳ ಮೇಲಿನ ಚಿತ್ರಗಳು, ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲಷ್ಟೇ ಒಂದೊಂದಾಗಿ ಕಾಣತೊಡಗುತ್ತವೆ.

ಉತ್ತರ 3: ಬ್ರೇಕ್ ಪ್ಯಾಡ್‌ಗಳನ್ನು ಹೆಚ್ಚಿಗೆ ಇಟ್ಟುಕೊಳ್ಳಿರಿ, ಕುಂಜುಮಿನಿಂದ ಮನಾಲಿಯ ಕಡೆಗೆ ಇಳಿಯುವಾಗ ಗ್ರಾಂಫೂವರೆಗಿನದು ಕಲ್ಲುದಾರಿ.